ಮೇ 15ರೊಳಗೆ ತಕರಾರು ಸಲ್ಲಿಸೋಣ: ಟೆಕ್ಸಾಸ್‌ನ ಕನ್ನಡ ಸಂಘಗಳಿಗೂ ಗ್ರಾಮೀಣ ಕೌಂಟಿಗಳ ಕನ್ನಡ ಭೂಮಾಲೀಕರಿಗೂ ಒಂದು ಬಹಿರಂಗ ಪತ್ರ

ಟೆಕ್ಸಾಸ್ ರಾಜ್ಯದ ಕನ್ನಡ ಸಂಘಗಳ ಮಾನ್ಯ ಅಧ್ಯಕ್ಷರಿಗೆ ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರಿಗೆ, ಹಾಗೂ ಈ ರಾಜ್ಯದ ಗ್ರಾಮೀಣ ಕೌಂಟಿಗಳಲ್ಲಿ ಮನೆ, ಜಮೀನು ಹೊಂದಿರುವ ಕನ್ನಡ ಬಂಧುಗಳಿಗೆ,

ವಿಷಯ: ಆಸ್ತಿ ತೆರಿಗೆಯ ಮೌಲ್ಯಮಾಪನವನ್ನು ಅರ್ಥಮಾಡಿಕೊಳ್ಳುವ ಮತ್ತು ಅದರ ವಿರುದ್ಧ ತಕರಾರು ಸಲ್ಲಿಸುವ ಬಗ್ಗೆ.

ಮಾನ್ಯರೇ,

ಆಸ್ತಿಗಳಿಗೆ ಬೆಲೆ ಕಟ್ಟುವ ಕಚೇರಿಯಾದ ಅಪ್ರೈಸಲ್ ಡಿಸ್ಟ್ರಿಕ್ಟಿನಿಂದ ಆಸ್ತಿ ಮೌಲ್ಯದ ನೋಟಿಸು ಬರುವ ಕಾಲಕ್ಕೂ ನಮ್ಮ ಸಂಘಗಳ ಯುಗಾದಿ ಕಾರ್ಯಕ್ರಮಗಳಿಗೂ ಹೆಚ್ಚಿನ ಅಂತರವಿರುವುದಿಲ್ಲ. ಊಟದ ಸಾಲಿನಲ್ಲಿ ನಿಂತಾಗ "ನಿಮಗೆಷ್ಟು ಏರಿಸಿದ್ದಾರೆ?" ಎಂಬ ಮಾತು ಶುರುವಾಗುತ್ತದೆ. ಹೋಳಿಗೆ ಮುಗಿಯುವಷ್ಟರಲ್ಲಿ ಕೌಂಟಿಯನ್ನು, ಶಾಲೆಯನ್ನು, ಕೊನೆಗೆ ಗವರ್ನರನ್ನೂ ಬೈದು ಮುಗಿದಿರುತ್ತದೆ. ಆಮೇಲೆ ಮೇ 15 ಕಳೆದುಹೋಗುತ್ತದೆ, ಬೈದವರಲ್ಲಿ ಹೆಚ್ಚಿನವರು ಒಂದು ಪುಟದ ಅರ್ಜಿಯನ್ನೂ ಸಲ್ಲಿಸಿರುವುದಿಲ್ಲ. ಕಳೆದ ಕೆಲವು ವರ್ಷಗಳಿಂದ ನಮ್ಮ ಕೌಂಟಿಯ ಮತ್ತು ಅಕ್ಕಪಕ್ಕದ ಕೌಂಟಿಗಳ ಕೆಲವು ಕನ್ನಡ ಕುಟುಂಬಗಳ ಜೊತೆ ವಿಚಾರಣೆಗಳಿಗೆ ಹೋಗಿ ಕುಳಿತು ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ. ಕೌಂಟಿಗಳ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದು ಕಚೇರಿಯ ಮೇಲೆ ದೂರು ಹೇಳುವುದಕ್ಕಿಂತ ನಮ್ಮ ಜನ ತಮ್ಮ ಹಕ್ಕನ್ನು ಬಳಸದೆ ಬಿಡುತ್ತಿರುವುದನ್ನು ಹೇಳುವುದು ನನಗೆ ಹೆಚ್ಚು ಮುಖ್ಯ.

ಮೊದಲಿಗೆ ಯಾರ ಮೇಲೆ ಯಾವ ಕೋಪ ಎಂಬುದನ್ನು ಸರಿಪಡಿಸಿಕೊಳ್ಳಬೇಕು. ಟೆಕ್ಸಾಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ರಾಜ್ಯ ಸರ್ಕಾರ ಆಸ್ತಿ ತೆರಿಗೆ ವಿಧಿಸುವುದನ್ನು ಸಂವಿಧಾನವೇ ನಿಷೇಧಿಸಿದೆ. ಹೀಗಾಗಿ ಶಾಲಾ ಜಿಲ್ಲೆ, ಕೌಂಟಿ, ನಗರ, ಆಸ್ಪತ್ರೆ ಜಿಲ್ಲೆ, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸೇವೆಯ ಜಿಲ್ಲೆಗಳು ಬಹುಮಟ್ಟಿಗೆ ನಮ್ಮ ಮನೆ ಮತ್ತು ಜಮೀನಿನ ತೆರಿಗೆಯನ್ನೇ ನೆಚ್ಚಿಕೊಂಡಿವೆ. 1979ರ ಆಸ್ತಿ ತೆರಿಗೆ ಸಂಹಿತೆ ಬರುವ ಮುಂಚೆ ಇವುಗಳಲ್ಲಿ ಒಂದೊಂದೂ ತನ್ನದೇ ರೀತಿಯಲ್ಲಿ ಒಂದೇ ಆಸ್ತಿಗೆ ಬೇರೆ ಬೇರೆ ಬೆಲೆ ಕಟ್ಟುತ್ತಿತ್ತು. ಆ ಸಂಹಿತೆಯಿಂದಾಗಿ ಬೆಲೆ ಕಟ್ಟುವ ಕೆಲಸ ಅಪ್ರೈಸಲ್ ಡಿಸ್ಟ್ರಿಕ್ಟ್ ಎಂಬ ಪ್ರತ್ಯೇಕ ಕಚೇರಿಗೆ ಹೋಯಿತು, ದರ ನಿಗದಿ ಮಾಡುವ ಅಧಿಕಾರ ಶಾಲಾ ಮಂಡಳಿ, ಕೌಂಟಿಯ ಆಡಳಿತ ನಡೆಸುವ ಕಮಿಷನರ್ಸ್ ಕೋರ್ಟ್ ಮುಂತಾದ ಸಂಸ್ಥೆಗಳಲ್ಲಿಯೇ ಉಳಿಯಿತು. ಆದ್ದರಿಂದ ಅಪ್ರೈಸಲ್ ಕಚೇರಿಯ ಕೌಂಟರಿನಲ್ಲಿ ನಿಂತು "ತೆರಿಗೆ ಜಾಸ್ತಿಯಾಯಿತು" ಎಂದರೆ ಅಲ್ಲಿನ ಗುಮಾಸ್ತೆಗೆ ಮಾಡಲು ಏನೂ ಇರುವುದಿಲ್ಲ. "ಜನವರಿ 1ರಂದು ನನ್ನ ಆಸ್ತಿಗೆ ಮಾರುಕಟ್ಟೆಯಲ್ಲಿ ಇಷ್ಟು ಬೆಲೆ ಇರಲಿಲ್ಲ" ಎಂದರೆ ಮಾತ್ರ ಆ ಕಚೇರಿ ಉತ್ತರ ಕೊಡಬೇಕಾಗುತ್ತದೆ.

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟಿ ಬಂದವರಿಗೆ ಇದು ಹೊಸತು. ಅಲ್ಲಿ ಸ್ವಯಂ ಘೋಷಣೆಯ ಪದ್ಧತಿ, ಚದರಡಿ ಎಷ್ಟು, ಯಾವ ವಲಯ, ಸ್ವಂತ ವಾಸವೋ ಬಾಡಿಗೆಯೋ ಎಂದು ನಾವೇ ತುಂಬುತ್ತೇವೆ. ಊರಿನ ಹೊಲಗದ್ದೆಗಳಿಗಂತೂ ಕಂದಾಯವೆಂದು ಕಟ್ಟುವುದು ಲೆಕ್ಕಕ್ಕೇ ಸಿಗದಷ್ಟು ಸಣ್ಣ ಮೊತ್ತ. ಇಲ್ಲಿ ಕಚೇರಿಯೇ ಮೊದಲು ಬೆಲೆ ಹೇಳುತ್ತದೆ, ನಾವು ಸುಮ್ಮನಿದ್ದರೆ ಅದನ್ನು ಒಪ್ಪಿದಂತೆ. ಸರ್ಕಾರಿ ಮುದ್ರೆಯ ಕಾಗದ ಬಂದಮೇಲೆ ಅದು ಆದೇಶವೇ ಸರಿ ಎಂದುಕೊಳ್ಳುವ ನಮ್ಮ ಹಳೆಯ ಅಭ್ಯಾಸ ಈ ಪದ್ಧತಿಯಲ್ಲಿ ನಮಗೆ ದುಬಾರಿಯಾಗುತ್ತಿದೆ.

ಗ್ರಾಮೀಣ ಕೌಂಟಿಯಲ್ಲಿ ಆ ಬೆಲೆ ಹುಟ್ಟುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪುಗಳೆಲ್ಲ ನುಸುಳುವುದು ಅಲ್ಲಿಯೇ. ರಾಜ್ಯದಲ್ಲಿ 254 ಕೌಂಟಿಗಳಿವೆ. ಡಾಲಸ್ ಅಥವಾ ಹ್ಯೂಸ್ಟನ್ ಕಡೆಯ ದೊಡ್ಡ ಕಚೇರಿಗಳಿಗೆ ಒಂದೇ ಬಡಾವಣೆಯಲ್ಲಿ ಒಂದೇ ನಮೂನೆಯ ನೂರಾರು ಮನೆಗಳ ಮಾಹಿತಿ ಇರುತ್ತದೆ. ಸಣ್ಣ ಕೌಂಟಿಯಲ್ಲಿ ಹಾಗಲ್ಲ. ಬೆರಳೆಣಿಕೆಯ ಸಿಬ್ಬಂದಿ, ಮೈಲಿಗಟ್ಟಲೆ ಹರಡಿದ ಜಮೀನು, ವರ್ಷಕ್ಕೆ ಕೆಲವೇ ಮಾರಾಟಗಳು. ಮೇಲಾಗಿ ಈ ರಾಜ್ಯದಲ್ಲಿ ಆಸ್ತಿಯನ್ನು ಎಷ್ಟಕ್ಕೆ ಕೊಂಡೆವೆಂದು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನಿಲ್ಲ, ಹಾಗಾಗಿ ನಡೆದ ಕೆಲವು ಮಾರಾಟಗಳ ಬೆಲೆಯೂ ಕಚೇರಿಗೆ ಪೂರ್ತಿ ಗೊತ್ತಿರುವುದಿಲ್ಲ. ಸಿಕ್ಕ ಅಂಕಿಗಳಿಂದ ಪ್ರದೇಶಕ್ಕೊಂದು, ಎಕರೆಯ ಗಾತ್ರಕ್ಕೊಂದು ದರಪಟ್ಟಿ ತಯಾರಿಸಿ, ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಎಲ್ಲರ ಜಮೀನಿಗೂ ಅನ್ವಯಿಸುತ್ತಾರೆ. ಮಾಸ್ ಅಪ್ರೈಸಲ್ ಎಂದು ಕರೆಯುವ ಈ ವಿಧಾನ ಕಾನೂನುಬದ್ಧವೇ, ಸಾವಿರಾರು ಆಸ್ತಿಗಳಿಗೆ ಬೇರೆ ದಾರಿಯೂ ಇಲ್ಲ. ಆದರೆ ಆ ಪಟ್ಟಿಗೆ ನಿಮ್ಮ ಜಮೀನಿನ ಹಿಂಭಾಗದ ಹಳ್ಳ ಕಾಣುವುದಿಲ್ಲ.

ಹಾಸನದ ಕಡೆಯ ಒಂದು ಕುಟುಂಬದ ಉದಾಹರಣೆ ಕೊಡುತ್ತೇನೆ. ಹಳೆಯ ಮರದ ಮನೆ, ಹುಲ್ಲು ಕೂಡಿಡುವ ಒಂದು ಕೊಟ್ಟಿಗೆ, ಹಿಂದೆ ಹರಿಯುವ ತೊರೆ ಇರುವ ಹದಿನಾಲ್ಕು ಎಕರೆಯನ್ನು ಅವರು ಕೊಂಡಿದ್ದರು. ನೋಟಿಸಿನಲ್ಲಿ ಬೆಲೆ ಏರಿದ್ದು ನೋಡಿ ನಾವು ಕಚೇರಿಯಿಂದ ಅವರ ಆಸ್ತಿಯ ದಾಖಲೆ ಕಾರ್ಡನ್ನು ತರಿಸಿಕೊಂಡೆವು. ಕೊಟ್ಟಿಗೆಯ ಸ್ಥಿತಿ "ಉತ್ತಮ" ಎಂದಿತ್ತು. ವಾಸ್ತವದಲ್ಲಿ ಅದರ ತಗಡಿನ ಚಾವಣಿಯ ಅರ್ಧ ಗಾಳಿಗೆ ಹಾರಿಹೋಗಿ, ಉಳಿದ ಅರ್ಧವನ್ನು ಹಗ್ಗದಿಂದ ಬಿಗಿದಿದ್ದರು. ಮನೆಗೆ ಸೆಂಟ್ರಲ್ ಏಸಿ ಇದೆಯೆಂದು ಬರೆದಿತ್ತು, ಇದ್ದದ್ದು ಕಿಟಕಿಗೆ ಕೂರಿಸಿದ ಎರಡು ಪೆಟ್ಟಿಗೆಗಳು. ಎಲ್ಲಕ್ಕಿಂತ ದೊಡ್ಡದು ಜಮೀನಿನ ಲೆಕ್ಕ. ಡಾಂಬರು ರಸ್ತೆಗೆ ತಾಗಿದ ಮುಂಭಾಗಕ್ಕೂ, ಮಳೆಗಾಲದಲ್ಲಿ ಕಾಲಿಡಲಾಗದ, ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಪ್ರವಾಹ ನಕ್ಷೆಯಲ್ಲಿ ಬಣ್ಣ ಹಾಕಿ ಗುರುತಿಸಿದ ಹಿಂಭಾಗಕ್ಕೂ ಒಂದೇ ದರ ಹಾಕಿದ್ದರು. ಯಾರೂ ದ್ವೇಷದಿಂದ ಮಾಡಿದ್ದಲ್ಲ. ರಸ್ತೆಯಲ್ಲಿ ಕಾರು ನಿಲ್ಲಿಸಿ ನೋಡಿದರೆ ಕಾಣುವಷ್ಟನ್ನು ಬರೆದಿದ್ದರು, ಅಷ್ಟೆ. ಫೋಟೋಗಳನ್ನೂ ಪ್ರವಾಹ ನಕ್ಷೆಯನ್ನೂ ಕೊಟ್ಟಮೇಲೆ ಕಚೇರಿಯವರು ದಾಖಲೆ ತಿದ್ದಿದರು, ಬೆಲೆ ಇಳಿಯಿತು. ಆ ಕಾರ್ಡನ್ನು ತರಿಸಿ ಓದದೇ ಇದ್ದಿದ್ದರೆ ಇಲ್ಲದ ಚಾವಣಿಗೆ ಅವರು ವರ್ಷ ವರ್ಷವೂ ತೆರಿಗೆ ಕಟ್ಟುತ್ತಿದ್ದರು.

ಕಚೇರಿಗಳ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ರಾಜ್ಯದ ಹಣಕಾಸು ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿ ಪ್ರತಿ ಶಾಲಾ ಜಿಲ್ಲೆಯ ಆಸ್ತಿ ಮೌಲ್ಯವನ್ನು ಕನಿಷ್ಠ ಎರಡು ವರ್ಷಕ್ಕೊಮ್ಮೆ ತಾನೇ ಸ್ವತಂತ್ರವಾಗಿ ಅಳೆದು ನೋಡುತ್ತದೆ. ಸ್ಥಳೀಯ ಕಚೇರಿ ಕಟ್ಟಿದ ಬೆಲೆ ಮಾರುಕಟ್ಟೆಗಿಂತ ತೀರಾ ಕೆಳಗಿದ್ದರೆ, ಶಾಲೆಗಳಿಗೆ ಬರುವ ರಾಜ್ಯದ ಅನುದಾನದ ಲೆಕ್ಕದಲ್ಲಿ ಆ ಶಾಲಾ ಜಿಲ್ಲೆಗೆ ಪೆಟ್ಟು ಬೀಳಬಹುದು. ಆದ್ದರಿಂದ ಮುಖ್ಯ ಮೌಲ್ಯಮಾಪಕರು ಬೆಲೆಯನ್ನು ಏರಿಸುವುದರ ಹಿಂದೆ ಈ ಒತ್ತಡವಿರುತ್ತದೆ. ಆದರೆ ಇಡೀ ಕೌಂಟಿಯ ಸರಾಸರಿ ಸರಿಯಾಗಿರಬೇಕು ಎಂಬುದು ಅವರ ಹೊಣೆ. ಆ ಸರಾಸರಿಯೊಳಗೆ ನನ್ನ ಜಮೀನಿನ ಲೆಕ್ಕ ಸರಿಯಿದೆಯೇ ಎಂದು ನೋಡುವುದು ನನ್ನದು, ಕಾನೂನು ನನಗೆ ತಕರಾರಿನ ಹಕ್ಕು ಕೊಟ್ಟಿರುವುದೂ ಅದಕ್ಕೇ.

ಆ ಹಕ್ಕನ್ನು ಚಲಾಯಿಸಲು ಬೇಕಾದದ್ದು ಅಚ್ಚರಿಯಾಗುವಷ್ಟು ಕಡಿಮೆ. ಗಡುವು ಮೇ 15, ಅಥವಾ ನೋಟಿಸು ಕಳುಹಿಸಿದ ದಿನದಿಂದ 30 ದಿನ, ಇವೆರಡರಲ್ಲಿ ಯಾವುದು ನಂತರ ಬರುತ್ತದೋ ಅದು. ಕಂಪ್ಟ್ರೋಲರ್ ಕಚೇರಿಯ 50-132 ಸಂಖ್ಯೆಯ ನಮೂನೆಯಿದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ನಮೂನೆಯಲ್ಲಿ ಕಾರಣಗಳ ಚೌಕಗಳಿರುತ್ತವೆ. ನಮ್ಮವರು ಸಾಮಾನ್ಯವಾಗಿ ಮಾರುಕಟ್ಟೆ ಬೆಲೆ ಹೆಚ್ಚಾಗಿದೆ ಎಂಬ ಒಂದಕ್ಕೆ ಮಾತ್ರ ಗುರುತು ಹಾಕುತ್ತಾರೆ. ಇತರ ಆಸ್ತಿಗಳಿಗೆ ಹೋಲಿಸಿದರೆ ಅಸಮಾನವಾಗಿ ಬೆಲೆ ಕಟ್ಟಲಾಗಿದೆ ಎಂಬ ಇನ್ನೊಂದಕ್ಕೂ ತಪ್ಪದೆ ಗುರುತು ಹಾಕಬೇಕು. ಮಾರಾಟದ ಬೆಲೆಗಳೇ ಬಹಿರಂಗವಾಗದ ಈ ರಾಜ್ಯದಲ್ಲಿ ಹಳ್ಳಿಯ ಕಡೆ ಹೆಚ್ಚು ಕೆಲಸಕ್ಕೆ ಬರುವುದು ಈ ಎರಡನೆಯ ಕಾರಣವೇ. ನೆರೆಯ ಜಮೀನುಗಳಿಗೆ ಕಚೇರಿ ಕಟ್ಟಿದ ಬೆಲೆ ಸಾರ್ವಜನಿಕ ದಾಖಲೆ. ಹೋಲುವ ಆಸ್ತಿಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಆಯ್ದು, ವ್ಯತ್ಯಾಸಗಳಿಗೆ ತಕ್ಕ ಹೊಂದಾಣಿಕೆ ಮಾಡಿ, ಸಾಲಾಗಿ ಜೋಡಿಸಿದಾಗ ಮಧ್ಯದಲ್ಲಿ ನಿಲ್ಲುವ ಬೆಲೆಗಿಂತ ನಿಮ್ಮದು ಮೇಲಿದ್ದರೆ, ಅದನ್ನು ಇಳಿಸಬೇಕೆಂದು ಕೇಳುವ ಹಕ್ಕು ನಿಮಗಿದೆ.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ವಿಚಾರಣೆಯಲ್ಲಿ ತಾನು ಮಂಡಿಸಲಿರುವ ಅಂಕಿಅಂಶ, ದರಪಟ್ಟಿ, ಸೂತ್ರ ಮತ್ತಿತರ ಮಾಹಿತಿಯನ್ನು ಮಾಲೀಕರು ಕೇಳಿದರೆ ಮುಖ್ಯ ಮೌಲ್ಯಮಾಪಕರು ಉಚಿತವಾಗಿ ಕೊಡಬೇಕು ಎಂದು ಆಸ್ತಿ ತೆರಿಗೆ ಸಂಹಿತೆಯ 41.461ನೇ ವಿಧಿ ಹೇಳುತ್ತದೆ. ಕೇಳಿದ ಮಾಹಿತಿಯನ್ನು ವಿಚಾರಣೆಗೆ ಕನಿಷ್ಠ 14 ದಿನ ಮುಂಚೆ ಕೊಡದಿದ್ದರೆ ಅದನ್ನು ಯಾವುದೇ ರೂಪದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 41.67ನೇ ವಿಧಿ ಹೇಳುತ್ತದೆ. ನಾನು ಹಾಜರಿದ್ದ ಒಂದು ವಿಚಾರಣೆಯಲ್ಲಿ ಆ ಕುಟುಂಬ ತಕರಾರಿನ ಜೊತೆಯಲ್ಲೇ ಲಿಖಿತವಾಗಿ ಮಾಹಿತಿ ಕೇಳಿತ್ತು. ಕಾಗದಗಳು ಕೈಗೆ ಬಂದದ್ದು ವಿಚಾರಣೆಯ ದಿನ ಬೆಳಿಗ್ಗೆ, ಕೌಂಟರಿನ ಮೇಲಿಂದ ತಳ್ಳಿದ ಒಂದು ಕಂದು ಲಕೋಟೆಯಲ್ಲಿ. ಅದರಲ್ಲಿದ್ದ ಮಾರಾಟಗಳಲ್ಲಿ ಒಂದು ಪಕ್ಕದ ಪಟ್ಟಣದ ಹೆದ್ದಾರಿ ಬದಿಯದು. ಅದನ್ನು ಪರಿಶೀಲಿಸಲು ಸಮಯವೆಲ್ಲಿ? ಅವರು ಸಂಕೋಚದಿಂದ ಆ ವಿಷಯ ಎತ್ತಿದರು. ತಕರಾರುಗಳನ್ನು ಕೇಳಿ ತೀರ್ಮಾನಿಸುವ ಅಪ್ರೈಸಲ್ ರಿವ್ಯೂ ಬೋರ್ಡ್ ಎಂಬ ಮಂಡಳಿಯ ಅಧ್ಯಕ್ಷತೆ ವಹಿಸಿದ್ದವರು "ಈಗ ನಿಮಗೆ ಸಿಕ್ಕಿತಲ್ಲ, ಮುಂದುವರಿಯೋಣ" ಎಂದರು, ಮನೆಯ ಯಜಮಾನರು ತಲೆದೂಗಿ ಸುಮ್ಮನಾದರು. ಮೌಲ್ಯ ಹಾಗೆಯೇ ಉಳಿಯಿತು.

ಇಲ್ಲಿ ಎರಡು ಕಡೆಗೂ ಹೇಳಬೇಕಾದದ್ದಿದೆ. ಅಪ್ರೈಸಲ್ ರಿವ್ಯೂ ಬೋರ್ಡಿನ ಸದಸ್ಯರು ಕಚೇರಿಯ ನೌಕರರಲ್ಲ. ಸಣ್ಣ ಕೌಂಟಿಗಳಲ್ಲಿ ನಾನು ಕಂಡವರು ಬಹುತೇಕ ನಿವೃತ್ತ ಶಿಕ್ಷಕರು, ದನ ಸಾಕಿದವರು, ಅಂಗಡಿ ನಡೆಸಿದವರು, ಮಾತಿನಲ್ಲಿ ಸೌಜನ್ಯವುಳ್ಳವರು. ಆದರೆ ಸೌಜನ್ಯ ಕಾನೂನಿನ ಬದಲಿಗೆ ನಿಲ್ಲುವಂಥದ್ದಲ್ಲ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಕೌಂಟಿಗಳಲ್ಲಿ ತೆರಿಗೆದಾರರ ಅಹವಾಲು ಕೇಳಲೆಂದೇ ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸಬೇಕೆಂದು ನಿಯಮವಿದೆ. ಚಿಕ್ಕ ಕೌಂಟಿಗಳಿಗೆ ಆ ಕಡ್ಡಾಯವೂ ಇಲ್ಲ. ಹೀಗಿರುವಾಗ ಹಳ್ಳಿಯ ತೆರಿಗೆದಾರನಿಗೆ ಇರುವ ರಕ್ಷಣೆ ತಾನೇ ಎದ್ದು ಹೇಳುವ ಆಕ್ಷೇಪಣೆಯೊಂದೇ. "ಈ ಸಾಕ್ಷ್ಯ ನನಗೆ 14 ದಿನ ಮುಂಚೆ ಸಿಕ್ಕಿಲ್ಲ, 41.67ನೇ ವಿಧಿಯ ಪ್ರಕಾರ ಇದನ್ನು ಪರಿಗಣಿಸಬಾರದು, ನನ್ನ ಆಕ್ಷೇಪಣೆಯನ್ನು ದಾಖಲಿಸಿ" ಎಂದು ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದುಕೊಂಡು ಹೋಗಿ ಓದಿದರೂ ಸಾಕು. ಕಂಪನಿಗಳ ಮೀಟಿಂಗುಗಳಲ್ಲಿ ವೈಸ್ ಪ್ರೆಸಿಡೆಂಟುಗಳ ಎದುರು ವಾದಿಸುವ ನಮ್ಮ ಜನ ಕೌಂಟಿಯ ಮೇಜಿನ ಎದುರು ಯಾಕೆ ಇಷ್ಟು ಮೆತ್ತಗಾಗುತ್ತಾರೋ ನನಗೆ ಅರ್ಥವಾಗಿಲ್ಲ.

ವಿಚಾರಣೆಯಲ್ಲಿ ಪುರಾವೆಯ ಹೊಣೆ ಯಾರದು ಎಂಬುದೂ ನಮ್ಮವರಿಗೆ ಗೊತ್ತಿಲ್ಲ. ಮಾರುಕಟ್ಟೆ ಬೆಲೆ ಮತ್ತು ಅಸಮಾನತೆಯ ತಕರಾರುಗಳಲ್ಲಿ ತಾನು ಕಟ್ಟಿದ ಬೆಲೆ ಸರಿ ಎಂದು ತೋರಿಸಬೇಕಾದದ್ದು ಅಪ್ರೈಸಲ್ ಡಿಸ್ಟ್ರಿಕ್ಟ್. ಅದು ತೋರಿಸಲಾಗದಿದ್ದರೆ ತೀರ್ಮಾನ ಮಾಲೀಕರ ಪರವಾಗಬೇಕು. ಹಿಂದಿನ ವರ್ಷ ತಕರಾರಿನಲ್ಲಿ ಬೆಲೆ ಇಳಿದಿದ್ದರೆ ಮರುವರ್ಷ ಅದನ್ನು ಏರಿಸಲು ಇನ್ನೂ ಬಲವಾದ, ಸ್ಪಷ್ಟವಾಗಿ ಮನವರಿಕೆಯಾಗುವ ಸಾಕ್ಷ್ಯವನ್ನೇ ಕೊಡಬೇಕು. ಹಾಗೆಂದು ಬರಿಗೈಯಲ್ಲಿ ಹೋಗಬಾರದು. ಕೊಂಡ ಸಮಯದ ಕ್ಲೋಸಿಂಗ್ ಪತ್ರ, ಸರ್ವೇ ನಕ್ಷೆ, ದಿನಾಂಕವಿರುವ ಫೋಟೋಗಳು, ಚಾವಣಿಯೋ ಅಡಿಪಾಯವೋ ಕೆಟ್ಟಿದ್ದರೆ ದುರಸ್ತಿಗೆ ಗುತ್ತಿಗೆದಾರ ಬರೆದುಕೊಟ್ಟ ಅಂದಾಜು, ಪೈಪ್‌ಲೈನ್ ಅಥವಾ ವಿದ್ಯುತ್ ತಂತಿಗೆ ಜಾಗ ಬಿಟ್ಟ ಒಪ್ಪಂದ, ದಾರಿಯಿಲ್ಲದ ಜಮೀನಾದರೆ ಅದರ ದಾಖಲೆ, ಇವೆಲ್ಲ ಮಾತನಾಡುತ್ತವೆ. ಮಗನ ಕಾಲೇಜು ಫೀಸು, ಕೆಲಸ ಹೋದದ್ದು, ಬಡ್ಡಿ ದರ, ಇವುಗಳ ಬಗ್ಗೆ ಮಂಡಳಿಗೆ ಮರುಕ ಬರಬಹುದು, ಬೆಲೆ ಇಳಿಸುವ ಅಧಿಕಾರ ಬರುವುದಿಲ್ಲ. ಕಾಲು ಗಂಟೆಯೂ ಸಿಗದ ವಿಚಾರಣೆಯಲ್ಲಿ ಅರ್ಧವನ್ನು ಇದಕ್ಕೆ ಕಳೆದವರನ್ನು ನೋಡಿದ್ದೇನೆ.

ಪ್ಲೇನೋದಲ್ಲೋ ಆಸ್ಟಿನ್‌ನಲ್ಲೋ ಕೆಲಸ ಮಾಡುತ್ತ ಎರಡು ಗಂಟೆ ದೂರದಲ್ಲಿ ಜಮೀನು ಕೊಂಡವರು ರಜೆ ಹಾಕಿ ಹೋಗಲಾಗುವುದಿಲ್ಲ ಎಂಬ ಕಾರಣ ಕೊಡುತ್ತಾರೆ. ಹತ್ತು ದಿನ ಮುಂಚೆ ಲಿಖಿತವಾಗಿ ತಿಳಿಸಿದರೆ ದೂರವಾಣಿಯಲ್ಲೇ ಹಾಜರಾಗಬಹುದು, ಸಾಕ್ಷ್ಯವನ್ನು ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆಯ ಮೂಲಕ ಕಳುಹಿಸಬೇಕು, ಅಷ್ಟೆ. ಏಜೆಂಟರಿಲ್ಲದೆ ತಾವೇ ವಾದಿಸುವವರು ಕಾರಣ ಕೊಡದೆಯೇ ಒಮ್ಮೆ ದಿನಾಂಕ ಮುಂದೂಡಿಸಿಕೊಳ್ಳಬಹುದು. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವ ದಾರಿಯಿದೆ. ಹೆಚ್ಚಿನ ಮನೆ ಜಮೀನುಗಳಿಗೆ ಮಧ್ಯಸ್ಥಿಕೆಯ ದಾರಿ ಇನ್ನೂ ಅಗ್ಗ. ಅದರ ಠೇವಣಿ ಸ್ವಂತ ವಾಸದ ಸಾಧಾರಣ ಮನೆಗೆ 450 ಡಾಲರಿನಿಂದ ಆರಂಭವಾಗುತ್ತದೆ, ಮಧ್ಯಸ್ಥಗಾರರು ನಿಶ್ಚಯಿಸಿದ ಬೆಲೆ ಕಚೇರಿಯದಕ್ಕಿಂತ ನಿಮ್ಮ ಅಂದಾಜಿಗೆ ಹತ್ತಿರವಿದ್ದರೆ 50 ಡಾಲರ್ ಹಿಡಿದುಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾರೆ. ತಕರಾರು ಬಾಕಿಯಿದೆಯೆಂದು ತೆರಿಗೆ ಕಟ್ಟದೆ ಕೂರುವಂತಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ವಿವಾದವಿಲ್ಲದ ಮೊತ್ತವನ್ನು ಜನವರಿ 31ರೊಳಗೆ ಕಟ್ಟದಿದ್ದರೆ ಮೇಲ್ಮನವಿಯ ಹಕ್ಕೇ ಹೋಗಬಹುದು.

ಕೃಷಿ ಮೌಲ್ಯದ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ನಮ್ಮ ಜನ ಹೆಚ್ಚು ಪೆಟ್ಟು ತಿಂದಿರುವುದು ಇಲ್ಲೇ. ಜಮೀನು ಮಾರುವ ಏಜೆಂಟರು "ಆಗ್ ಎಕ್ಸೆಂಪ್ಷನ್ (ಕೃಷಿ ವಿನಾಯಿತಿ) ಇದೆ, ತೆರಿಗೆ ಬಹಳ ಕಡಿಮೆ" ಎನ್ನುತ್ತಾರೆ. ಅದು ವಿನಾಯಿತಿಯಲ್ಲ, ಬೆಲೆ ಕಟ್ಟುವ ಬೇರೆ ವಿಧಾನ. ಮಾರುಕಟ್ಟೆ ಬೆಲೆಯ ಬದಲು, ಆ ಬಗೆಯ ಜಮೀನು ಕೃಷಿಯಿಂದಲೋ ಹುಲ್ಲುಗಾವಲಾಗಿಯೋ ತರಬಲ್ಲ ನಿವ್ವಳ ಆದಾಯದ ಐದು ವರ್ಷದ ಸರಾಸರಿಯಿಂದ ಬೆಲೆ ಲೆಕ್ಕ ಹಾಕುತ್ತಾರೆ. ಹತ್ತು ಸಾವಿರ ಡಾಲರಿಗೆ ಮಾರಾಟವಾಗುವ ಎಕರೆಗೆ ಹೀಗೆ ಬರುವ ಮೌಲ್ಯ ನೂರಿನ್ನೂರು ಡಾಲರಿನ ಆಸುಪಾಸಿನಲ್ಲಿರಬಹುದು. ಇಷ್ಟು ದೊಡ್ಡ ಅನುಕೂಲಕ್ಕೆ ಷರತ್ತುಗಳೂ ಇವೆ. ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ಆ ಜಮೀನು ಮುಖ್ಯವಾಗಿ ಕೃಷಿಗೆ ಬಳಕೆಯಾಗಿರಬೇಕು, ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಪ್ರಮಾಣದಲ್ಲಿ ಈಗಲೂ ಬಳಕೆಯಲ್ಲಿರಬೇಕು. ಆ ಪ್ರಮಾಣವನ್ನು, ಅಂದರೆ ಎಷ್ಟು ಎಕರೆಗೆ ಎಷ್ಟು ದನ, ವರ್ಷಕ್ಕೆ ಎಷ್ಟು ಸಲ ಹುಲ್ಲು ಕೊಯ್ಲು ಎಂಬುದನ್ನು ಒಂದೊಂದು ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ತನ್ನದೇ ರೀತಿಯಲ್ಲಿ ನಿಗದಿಪಡಿಸುತ್ತದೆ. ಆ ಮಾರ್ಗಸೂಚಿ ಕಚೇರಿಯಲ್ಲಿ ಕೇಳಿದರೆ ಸಿಗುತ್ತದೆ. ಜಮೀನು ಕೊಳ್ಳುವ ಮುಂಚೆ ಅದನ್ನು ಓದಿದ ಕನ್ನಡಿಗರು ನನಗೆ ಸಿಕ್ಕಿಲ್ಲ.

ಈ ಮೌಲ್ಯ ಕ್ರಯಪತ್ರದ ಜೊತೆ ತಾನಾಗಿ ಬರುವುದಿಲ್ಲ. ಮಾಲೀಕರು ಬದಲಾದರೆ ಹೊಸ ಮಾಲೀಕರು ಹೊಸದಾಗಿ ಅರ್ಜಿ ಹಾಕಬೇಕು, ಗಡುವು ಏಪ್ರಿಲ್ ಕೊನೆ. ಅದು ತಪ್ಪಿದರೂ ಆ ವರ್ಷದ ಮೌಲ್ಯಪಟ್ಟಿಗೆ ರಿವ್ಯೂ ಬೋರ್ಡು ಅನುಮೋದನೆ ಕೊಡುವ ತನಕ, ಉಳಿತಾಯದ ಶೇ. 10ರಷ್ಟು ದಂಡದೊಂದಿಗೆ, ತಡವಾಗಿ ಅರ್ಜಿ ಹಾಕಬಹುದು. ಇದು ತಿಳಿಯದೆ ಮೊದಲ ವರ್ಷವೇ ಪೂರ್ತಿ ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಕಟ್ಟಿ, ಮೋಸಹೋದೆವೆಂದು ಅಳಲು ತೋಡಿಕೊಂಡವರು ನಮ್ಮಲ್ಲಿ ಹಲವರಿದ್ದಾರೆ.

ಅದಕ್ಕಿಂತ ದೊಡ್ಡ ಹೊಡೆತ ರೋಲ್‌ಬ್ಯಾಕಿನದು. ಕೃಷಿ ಮೌಲ್ಯದಲ್ಲಿರುವ ಜಮೀನನ್ನು ಬೇರೆ ಬಳಕೆಗೆ ತಿರುಗಿಸಿದರೆ, ಹಿಂದಿನ ಮೂರು ವರ್ಷಗಳಲ್ಲಿ ಕಟ್ಟಿದ ತೆರಿಗೆಗೂ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕಾಗಿದ್ದ ತೆರಿಗೆಗೂ ಇರುವ ವ್ಯತ್ಯಾಸವನ್ನು ಒಟ್ಟಿಗೆ ಕಟ್ಟಬೇಕು. 2019ಕ್ಕೆ ಮುಂಚೆ ಇದು ಐದು ವರ್ಷದ ವ್ಯತ್ಯಾಸವಾಗಿದ್ದು ಮೇಲೆ ಬಡ್ಡಿಯೂ ಇತ್ತು. ಆ ವರ್ಷ ಶಾಸನಸಭೆ ಅದನ್ನು ಮೂರಕ್ಕೆ ಇಳಿಸಿತು, 2021ರಲ್ಲಿ ಬಡ್ಡಿಯನ್ನೂ ತೆಗೆದುಹಾಕಿತು. ಹುಲ್ಲುಗಾವಲಿನಲ್ಲಿ ಮದುವೆ ಸಮಾರಂಭಗಳ ಮಂಟಪ ಕಟ್ಟಿಸಿದ, ಲೇಔಟ್ ಮಾಡಿ ಸೈಟುಗಳನ್ನು ಮಾರಲು ಹೊರಟ, ಟ್ರೈಲರುಗಳ ನಿಲುಗಡೆಗೆ ಜಲ್ಲಿ ಹಾಸಿಸಿದ ನಮ್ಮವರಿಗೆ ಈ ಬಿಲ್ಲು ಬಂದಾಗ ಅವರು ಕೌಂಟಿಯ ಮೇಲೆ ಹರಿಹಾಯ್ದರು. ಇದರಲ್ಲಿ ಕೌಂಟಿಯ ತಪ್ಪೇನೂ ನನಗೆ ಕಾಣಲಿಲ್ಲ. ಆದರೆ ಎರಡು ವಿವರ ತಿಳಿದಿದ್ದರೆ ಹೊರೆ ಕಡಿಮೆಯಾಗುತ್ತಿತ್ತು. ರೋಲ್‌ಬ್ಯಾಕ್ ಬರುವುದು ಬಳಕೆ ಬದಲಾದ ಭಾಗಕ್ಕೆ ಮಾತ್ರ, ಮಂಟಪಕ್ಕೆ ಎರಡು ಎಕರೆ ಹೋದರೆ ಉಳಿದ ಹತ್ತಕ್ಕೆ ಅಲ್ಲ. ಬಳಕೆ ಬದಲಾಗಿದೆ ಎಂಬ ಕಚೇರಿಯ ನಿರ್ಣಯದ ವಿರುದ್ಧವೂ ತಕರಾರು ಹಾಕಬಹುದು.

ಒಂದು ಅಪ್ರಿಯ ಮಾತನ್ನೂ ಹೇಳಿಬಿಡುತ್ತೇನೆ. ತಪಾಸಣೆಯ ಸುದ್ದಿ ಬಂದಾಗ ನೆರೆಯವರಿಂದ ನಾಲ್ಕು ಮೇಕೆ ತಂದು ಬೇಲಿಯೊಳಗೆ ಬಿಟ್ಟು, ಅವರು ಹೋದಮೇಲೆ ವಾಪಸು ಕಳಿಸುವ ಜಾಣತನವನ್ನು ನಮ್ಮ ಕೆಲವು ಗೆಳೆಯರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ತಲೆಮಾರುಗಳಿಂದ ದನ ಸಾಕುತ್ತಿರುವ ನೆರೆಯವರಿಗೆ ಇದು ಕಾಣುತ್ತದೆ, ಕಚೇರಿಗೂ ತಿಳಿಯುತ್ತದೆ. ಮುಂದೆ ನಿಜವಾಗಿ ಬೇಸಾಯ ಮಾಡುವ ಕನ್ನಡಿಗನ ಅರ್ಜಿಯನ್ನೂ ಅನುಮಾನದಿಂದ ನೋಡುವಂತಾಗುತ್ತದೆ. ಐದರಿಂದ ಇಪ್ಪತ್ತು ಎಕರೆಯೊಳಗೆ ಜೇನು ಸಾಕಣೆಗೂ ಕೃಷಿ ಮೌಲ್ಯ ಸಿಗುತ್ತದೆ, ಈಗಾಗಲೇ ಕೃಷಿ ಮೌಲ್ಯದಲ್ಲಿರುವ ಜಮೀನನ್ನು ವನ್ಯಜೀವಿ ನಿರ್ವಹಣೆಗೆ ಬದಲಾಯಿಸಿಕೊಳ್ಳಬಹುದು. ಪ್ರಾಮಾಣಿಕ ದಾರಿಗಳೇ ಸಾಕಷ್ಟಿರುವಾಗ ಮೇಕೆಯ ನಾಟಕ ಬೇಕಿಲ್ಲ.

ಸ್ವಂತ ವಾಸದ ಮನೆಯ ಬಗ್ಗೆ ಚಿಕ್ಕದಾಗಿ ಹೇಳುವೆ. ಹೋಮ್‌ಸ್ಟೆಡ್ ವಿನಾಯಿತಿಗೆ ಅಮೆರಿಕದ ಪೌರತ್ವ ಬೇಕು ಎಂಬ ತಪ್ಪು ತಿಳಿವಳಿಕೆ ಎಚ್-1ಬಿ ವೀಸಾದಲ್ಲಿರುವವರಲ್ಲಿ ಬಲವಾಗಿದೆ. ಕಾನೂನಿನಲ್ಲಿ ಅಂಥ ಷರತ್ತಿಲ್ಲ. ಮನೆ ನಿಮ್ಮ ಹೆಸರಿನಲ್ಲಿದ್ದು ಅದೇ ನಿಮ್ಮ ಮುಖ್ಯ ವಾಸಸ್ಥಳವಾಗಿರಬೇಕು, ಸಾಮಾನ್ಯವಾಗಿ ಟೆಕ್ಸಾಸ್ ಚಾಲನಾ ಪರವಾನಗಿಯ ವಿಳಾಸ ಆ ಮನೆಯದೇ ಆಗಿರಬೇಕು. ಶಾಲಾ ತೆರಿಗೆಯ ಮಟ್ಟಿಗೆ ಮೌಲ್ಯದಲ್ಲಿ ಕಳೆಯುವ ಮೊತ್ತ 2023ರಲ್ಲಿ ಒಂದು ಲಕ್ಷ ಡಾಲರಿಗೆ, 2025ರಲ್ಲಿ 1,40,000 ಡಾಲರಿಗೆ ಏರಿದೆ. ಮೇಲಾಗಿ ಹೋಮ್‌ಸ್ಟೆಡ್ ಮನೆಯ ತೆರಿಗೆಯ ಮೌಲ್ಯ, ಹೊಸದಾಗಿ ಕಟ್ಟಿದ್ದನ್ನು ಬಿಟ್ಟರೆ, ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. 65 ದಾಟಿದವರ ಸ್ವಂತ ಮನೆಗೆ ಶಾಲಾ ತೆರಿಗೆಗೆ ಮಿತಿ ಬೀಳುತ್ತದೆ. ಇತರ ಆಸ್ತಿಗಳಿಗೆ, ಸುಮಾರು ಐವತ್ತು ಲಕ್ಷ ಡಾಲರ್ ಮೌಲ್ಯದವರೆಗೆ, 2024ರಿಂದ 2026ರವರೆಗಿನ ಮೂರು ವರ್ಷಗಳಿಗೆ ಶೇ. 20ರ ತಾತ್ಕಾಲಿಕ ಮಿತಿ ಇದೆ. ಕೃಷಿ ಮೌಲ್ಯದಲ್ಲಿರುವ ಜಮೀನಿಗೆ ಅದು ಅನ್ವಯಿಸುವುದಿಲ್ಲ.

ಕನ್ಸಲ್ಟೆಂಟುಗಳ ಬಗ್ಗೆ ನನಗೆ ದ್ವೇಷವಿಲ್ಲ. ಉಳಿಸಿದ ತೆರಿಗೆಯಲ್ಲಿ ಪಾಲು ಪಡೆದು ತಕರಾರು ನಡೆಸುವ ಸಂಸ್ಥೆಗಳು ನಗರದ ಬಡಾವಣೆಯ ಮನೆಗೆ ಒಳ್ಳೆಯ ಕೆಲಸವನ್ನೇ ಮಾಡಬಹುದು. ಆದರೆ ನಾನು ಕಂಡ ಹಳ್ಳಿಯ ಪ್ರಕರಣಗಳಲ್ಲಿ ಅವರು ತೊರೆಯನ್ನೂ ನೋಡಿರಲಿಲ್ಲ, ಕೊಟ್ಟಿಗೆಯನ್ನೂ ನೋಡಿರಲಿಲ್ಲ. ಕಚೇರಿ ಯಾವ ಪರದೆಯನ್ನು ನೋಡಿ ಬೆಲೆ ಕಟ್ಟಿತ್ತೋ ಅದೇ ಪರದೆಯನ್ನು ನೋಡಿ ಇವರು ವಾದಿಸಿದರು. ಜಮೀನಿನ ಮೇಲೆ ನಡೆದಾಡುವ ಮಾಲೀಕರ ಕೈಯ ಫೋಟೋಗಳಿಗೆ ಇರುವ ತೂಕ ಅಂಥ ವಾದಕ್ಕಿರುವುದಿಲ್ಲ.

ಮಾನ್ಯ ಸಂಘಗಳ ಪದಾಧಿಕಾರಿಗಳೇ, ತಮ್ಮಲ್ಲಿ ನನ್ನ ಮನವಿ ಹೀಗಿದೆ. ಏಪ್ರಿಲ್ ತಿಂಗಳ ಒಂದು ಶನಿವಾರವನ್ನು ತಕರಾರು ಅರ್ಜಿಗಾಗಿ ಮೀಸಲಿಡಿ. ದೊಡ್ಡ ಸಭಾಂಗಣ ಬೇಕಿಲ್ಲ, ನಾಲ್ಕು ಮೇಜು, ಒಂದು ಪ್ರಿಂಟರು ಮತ್ತು ವಿಚಾರಣೆಗೆ ಹೋಗಿಬಂದ ಅನುಭವವಿರುವ ಕೆಲವರು ಸಾಕು. ಬಂದವರು ತಮ್ಮ ನೋಟಿಸು ತಂದು, ಆಸ್ತಿಯ ದಾಖಲೆ ಕಾರ್ಡನ್ನು ಅಲ್ಲೇ ತೆಗೆದು ಓದಿ, 50-132 ನಮೂನೆಯನ್ನು ತುಂಬಿ, 41.461ನೇ ವಿಧಿಯ ಮಾಹಿತಿ ಕೋರಿಕೆಗೆ ಸಹಿ ಹಾಕಿ ಹೋಗಲಿ. ಹೋಮ್‌ಸ್ಟೆಡ್, ಕೃಷಿ ಮೌಲ್ಯ ಮತ್ತು ರೋಲ್‌ಬ್ಯಾಕ್ ಬಗ್ಗೆ ಎರಡು ಪುಟದ ಕನ್ನಡ ಕೈಪಿಡಿಯನ್ನು ಸಂಘದಿಂದ ಅಚ್ಚು ಹಾಕಿಸಿ. ಮಕ್ಕಳ ಜೊತೆ ಇರಲು ಬಂದು, ಇಲ್ಲಿಯೇ ತಮ್ಮ ಹೆಸರಿನಲ್ಲಿ ಮನೆ ಮಾಡಿಕೊಂಡ ಹಿರಿಯರಿಗೆ ಅದು ತುಂಬಾ ಬೇಕು. ದಯವಿಟ್ಟು ಆ ದಿನವನ್ನು ಯಾವುದೇ ಕನ್ಸಲ್ಟೆಂಟ್ ಸಂಸ್ಥೆಯ ಪ್ರಾಯೋಜಿತ ಮಳಿಗೆಯನ್ನಾಗಿ ಮಾಡಬೇಡಿ.

ಭೂಮಾಲೀಕ ಬಂಧುಗಳಲ್ಲಿಯೂ ಎರಡು ಬೇಡಿಕೆ. ವಿಚಾರಣೆಯಲ್ಲಿ ನಿಯಮ ಮುರಿದದ್ದು ಕಂಡರೆ ಅಲ್ಲೇ, ಆ ಕೊಠಡಿಯಲ್ಲೇ ಆಕ್ಷೇಪಣೆ ದಾಖಲಿಸಿ, ವಾಟ್ಸಾಪ್ ಗುಂಪಿನಲ್ಲಿ ಅಲ್ಲ. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಕೌಂಟಿಯೂ ಶಾಲಾ ಮಂಡಳಿಯೂ ದರ ನಿಗದಿಗೆ ಸಾರ್ವಜನಿಕ ಸಭೆ ನಡೆಸುವಾಗ ಹೋಗಿ ಕುಳಿತುಕೊಳ್ಳಿ. ಮೌಲ್ಯ ಏರಿದಾಗ, ಹಿಂದಿನ ವರ್ಷದಷ್ಟೇ ಹಣ ಸಂಗ್ರಹಿಸಲು ದರವನ್ನು ಎಷ್ಟಕ್ಕೆ ಇಳಿಸಬೇಕು ಎಂಬ ಅಂಕಿಯನ್ನು ಅವರು ಪ್ರಕಟಿಸಲೇಬೇಕು. 2019ರ ಕಾನೂನಿನ ಪ್ರಕಾರ ಕೌಂಟಿ, ನಗರಗಳ ನಿರ್ವಹಣಾ ವರಮಾನ ಶೇ. 3.5ಕ್ಕಿಂತ ಹೆಚ್ಚಾಗುವಂತೆ ದರ ಇಟ್ಟರೆ ಸಾಮಾನ್ಯವಾಗಿ ಮತದಾರರ ಒಪ್ಪಿಗೆ ಬೇಕು, ಸಣ್ಣ ಸಂಸ್ಥೆಗಳಿಗೆ ಕೆಲವು ಸಡಿಲಿಕೆಗಳಿವೆ. ತೆರಿಗೆ ಹೆಚ್ಚಾಯಿತೆಂಬ ಕೋಪಕ್ಕೆ ಸರಿಯಾದ ಜಾಗ ಆ ಸಭೆ. ನಾನು ಹೋದ ಸಭೆಗಳಲ್ಲಿ ಕುರ್ಚಿಗಳು ಹೆಚ್ಚೂಕಡಿಮೆ ಖಾಲಿಯಾಗಿದ್ದವು, ಮತಹಾಕುವ ಹಕ್ಕಿಲ್ಲದವರಿಗೂ ಅಲ್ಲಿ ಮಾತನಾಡುವ ಅವಕಾಶವಿತ್ತು.

14 ದಿನದ ನಿಯಮ ಮುರಿದ ವಿಚಾರಣೆಯ ಬಗ್ಗೆ ಆ ಕೌಂಟಿಯ ರಿವ್ಯೂ ಬೋರ್ಡಿಗೂ ಅಪ್ರೈಸಲ್ ಡಿಸ್ಟ್ರಿಕ್ಟಿನ ನಿರ್ದೇಶಕ ಮಂಡಳಿಗೂ ಪ್ರತ್ಯೇಕವಾಗಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಇಂಥ ಅನುಭವವಾದ ಇತರ ಕುಟುಂಬಗಳು ತಮ್ಮ ಮಾಹಿತಿ ಕೋರಿಕೆಯ ಪ್ರತಿ ಮತ್ತು ಕಾಗದ ಕೈಸೇರಿದ ದಿನಾಂಕದ ದಾಖಲೆಯನ್ನು ತಮ್ಮ ಸಂಘದ ಮೂಲಕ ಕಳುಹಿಸಿದರೆ ಅವನ್ನೂ ಆ ಪತ್ರಕ್ಕೆ ಲಗತ್ತಿಸುತ್ತೇನೆ. ಶನಿವಾರದ ಕಾರ್ಯಕ್ರಮಕ್ಕೆ ಒಪ್ಪುವ ಸಂಘಗಳು ಮಾರ್ಚ್ ಮುಗಿಯುವ ಮುನ್ನ ದಿನಾಂಕ ತಿಳಿಸಿದರೆ, ನಮೂನೆಗಳನ್ನೂ ಕೈಪಿಡಿಯ ಕರಡನ್ನೂ ನಾನೇ ಸಿದ್ಧಪಡಿಸಿ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಟೆಕ್ಸಾಸ್‌ನ ಗ್ರಾಮೀಣ ಕೌಂಟಿಯೊಂದರ ಕನ್ನಡಿಗ ಭೂಮಾಲೀಕ